ಕಪ್ಪು ಕೊಳವೆಯೊಳಗಿನ ಮಸಿ

ತಾಳವಾಡಿ ಬೆಟ್ಟಸೀಮೆಯ ಹೊಲಗಳಲ್ಲಿ ಹನಿ ನೀರಾವರಿಗೆ ಹಾಸುವ ಪಾಲಿಎಥಿಲೀನ್ ಕೊಳವೆ ಕಪ್ಪಾಗಿರುವುದು ಅಂದಕ್ಕಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ಕಡಿಯುತ್ತವೆ. ನೂರಕ್ಕೆ ಎರಡೂವರೆ ಪಾಲಿನಷ್ಟು ಬೆರೆಸಿದ ಇಂಗಾಲದ ಮಸಿ ಅವನ್ನು ಹೀರಿ ಕೊಳವೆಯನ್ನು ಕಾಯುತ್ತದೆ. ಇಲ್ಲಿ ತೂಕದಷ್ಟೇ ಕಣದ ಗಾತ್ರವೂ ಮುಖ್ಯ. 200 ನ್ಯಾನೋಮೀಟರಿನ ಕಣವನ್ನು 20ಕ್ಕೆ ಇಳಿಸಿದರೆ ಅಷ್ಟೇ ಮಸಿಯ ಮೇಲ್ಮೈ ಹತ್ತು ಪಟ್ಟಾಗುತ್ತದೆ: ಒಂದು ಗ್ರಾಮಿಗೆ ಸುಮಾರು ನಾಲ್ಕು ಸೆಂಟು ನೆಲದಷ್ಟು! ಆದರೆ ಕಣ ಸಣ್ಣದಾದಷ್ಟೂ ಗಂಟುಕಟ್ಟುವುದು ಹೆಚ್ಚು. ಚೆನ್ನಾಗಿ ಹರಡದ ಮಸಿಯ ಗಂಟಿನ ಬಳಿಯೇ ಬಿರುಕು ಹುಟ್ಟಬಹುದು. ಕಣ್ಣಿಗೆ ಎರಡೂ ಕಪ್ಪೇ. ಆದುದರಿಂದ ಬಣ್ಣವನ್ನು ಸಾಕ್ಷಿಯೆಂದು ಒಪ್ಪಲಾಗದು. ರೈತನು ಐ.ಎಸ್.ಐ. ಮುದ್ರೆಯನ್ನು ನೋಡಿ ಕೊಂಡು, ರಸೀದಿಯನ್ನು ಜೋಪಾನವಾಗಿಡತಕ್ಕದ್ದು. ಕೊಳವೆ ಅಕಾಲದಲ್ಲಿ ಸೀಳಿದರೆ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗದ ಮೊರೆಹೋಗಲು 2019ರ ಕಾಯಿದೆಯಲ್ಲಿ ಅವಕಾಶವಿದೆ.