ನರ್ಸಬಾಯಿಯ ಕೌದಿ

ಪ್ರತಿ ವರ್ಷ ಮೇ 12 ಬಂತೆಂದರೆ ನಮ್ಮ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರ ಬರುತ್ತದೆ. ಅಂದು ಆಕೆಯ ಹುಟ್ಟಿದ ದಿನ, ದಾದಿಯರ ದಿನ. ನಾನೂ ಒಂದು ಕೈಮುಗಿಯುವ ಇಮೋಜಿ ಒತ್ತಿ ಕೆಲಸಕ್ಕೆ ಮರಳುತ್ತಿದ್ದೆ. ಈ ಸಲ ಆಗಲಿಲ್ಲ. ಗದಗ ಕಡೆಯ ನಮ್ಮೂರಿನಲ್ಲಿ, ಕರೆಂಟು ಹೋದ ರಾತ್ರಿ ಕಂದೀಲು ಹಿಡಿದು ಹೆರಿಗೆಗೆ ಹೊರಡುತ್ತಿದ್ದ ನನ್ನ ಅಜ್ಜಿ ನೆನಪಾದಳು. ಅವಳು ತೀರಿಕೊಂಡ ಮೇಲೆ ಬಂದ ಮೊದಲ ಮೇ ತಿಂಗಳು ಇದು.

ಊರಿಗೆಲ್ಲ ಅವಳು 'ನರ್ಸಬಾಯಿ'. ಮೂವತ್ತೈದು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದವಳು. ಗಾಜಿನ ಸಿರಿಂಜನ್ನು ಸ್ಟೋವಿನ ಮೇಲೆ ಕುದಿಸುತ್ತಿದ್ದ ಕಾಲ ಅದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಿಡುಬಿನ ಲಸಿಕೆ ಹಾಕಲು ಹಳ್ಳಿ ಹಳ್ಳಿ ತಿರುಗಿದ್ದಳಂತೆ. ದೇವಿ ಮುನಿಯುತ್ತಾಳೆಂದು ಜನ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದರು. ಅಜ್ಜಿ ವಾದಿಸುತ್ತಿರಲಿಲ್ಲ. ಮೊದಲು ದ್ಯಾಮವ್ವನ ಗುಡಿಗೆ ಹೋಗಿ ಎಲ್ಲರ ಎದುರು ಕೈಮುಗಿದು, ಆಮೇಲೆ ಎರಡು ಹಲ್ಲಿನ ಸೂಜಿ ತೆಗೆಯುತ್ತಿದ್ದಳು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಾನು ಅದನ್ನು ಶಾಲೆಯ ಪುಸ್ತಕದಲ್ಲಿ ಓದಿ ಹೇಳಿದಾಗ, "ಅದರಾಗ ನನ್ನವೂ ನಾಕ ಚುಚ್ಚು ಅದಾವ" ಎಂದು ನಕ್ಕಿದ್ದಳು.

ಅಪ್ಪ ಅಮ್ಮ ಇಬ್ಬರೂ ನೌಕರಿಯಲ್ಲಿದ್ದುದರಿಂದ ನನ್ನನ್ನು ಬೆಳೆಸಿದವಳು ಅವಳೇ. ಉಗುರು ನೋಡದೆ ತಾಟಿಗೆ ರೊಟ್ಟಿ ಹಾಕುತ್ತಿರಲಿಲ್ಲ. ವಾಂತಿ ಭೇದಿಯಾದರೆ ಒಂದು ಲೀಟರ್ ಆರಿಸಿದ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ನನಗೆ ಮಗ್ಗಿಗಿಂತ ಮೊದಲು ಬಾಯಿಪಾಠವಾಗಿದ್ದು ಈ ಲೆಕ್ಕ. ರಾತ್ರಿ ಯಾರಾದರೂ ಬಾಗಿಲು ಬಡಿದರೆ ನನ್ನ ತಲೆಯ ಕೆಳಗಿಂದ ಮೆಲ್ಲಗೆ ತೋಳು ಬಿಡಿಸಿಕೊಂಡು ಹೋಗುತ್ತಿದ್ದಳು. ನನಗೆ ಆ ಬಾಗಿಲು ಬಡಿಯುವವರ ಮೇಲೆಲ್ಲ ಸಿಟ್ಟಿತ್ತು.

ಆ ಸಿಟ್ಟು ದೊಡ್ಡವನಾದ ಮೇಲೂ ಪೂರ್ತಿ ಹೋಗಿರಲಿಲ್ಲ ಎಂದು ತಿಳಿದದ್ದು 2016ರಲ್ಲಿ, ಇಲ್ಲಿ ಪುಣೆಯಲ್ಲಿ ನನ್ನ ಮಗಳು ಹುಟ್ಟಿದಾಗ. ಬಾಣಂತನಕ್ಕೆಂದು ಬಂದ ಎಪ್ಪತ್ತರ ಅಜ್ಜಿ, ತನ್ನ ಹಳೆಯ ಇಳಕಲ್ ಸೀರೆಗಳಿಂದ ಮರಿಮೊಮ್ಮಗಳಿಗೆಂದು ಹೊಲಿದ ಪುಟ್ಟ ಕೌದಿ ತಂದಿದ್ದಳು. ಹೆಂಡತಿ ಆಸ್ಪತ್ರೆಯಲ್ಲಿದ್ದ ರಾತ್ರಿ ನೀರು ತರಲು ಹೋದ ಅಜ್ಜಿ ಒಂದು ತಾಸಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ಜನರಲ್ ವಾರ್ಡಿನ ಬಾಗಿಲಲ್ಲಿ ಅವಳ ದನಿ. "ಯಾವೂರವ್ವಾ ನಿಂದು?" ಯಾದಗಿರಿ ಕಡೆಯ ಹುಡುಗಿ, ಕಟ್ಟಡ ಕೆಲಸಕ್ಕೆ ಬಂದವಳು. ಆಗಷ್ಟೇ ಹೆತ್ತಿದ್ದಳು. ಸಿಸ್ಟರ್ ಮರಾಠಿಯಲ್ಲಿ ಹೇಳಿದ್ದು ಅವಳಿಗೆ ತಿಳಿದಿರಲಿಲ್ಲ. ಅವಳ ಅತ್ತೆ ಮೊದಲ ಹಾಲನ್ನು ಹಿಂಡಿ ಚೆಲ್ಲಬೇಕೆಂದು ಹಟ ಹಿಡಿದಿದ್ದಳು. ಅಜ್ಜಿ ಅತ್ತೆಯ ಪಕ್ಕ ಕೂತು ಕೇಳುತ್ತಿದ್ದಳು: "ಆಕಳ ಗಿಣ್ಣ ಬಿಡದಂಗ ತಿಂತೀವಿ. ತಾಯಿ ಗಿಣ್ಣ ಮಾತ್ರ ಚೆಲ್ಲೂದ್ಯಾಕ?" ಅತ್ತೆ ನಕ್ಕುಬಿಟ್ಟಳು. ಕೂಸು ಮೊಲೆ ಹಿಡಿಯಿತು. ಅಜ್ಜಿ ವಾಪಸ್ಸು ಬಂದಾಗ ಅವಳ ಚೀಲದಲ್ಲಿ ಕೌದಿ ಇರಲಿಲ್ಲ.

"ಅದು ನನ್ನ ಮಗಳದ್ದು" ಎಂದೆ, ಸ್ವಲ್ಪ ಜೋರಾಗಿಯೇ.

"ನಿನ್ನ ಮಗಳಿಗೆ ಅಂಗಡಿಯಿಂದ ತಂದ ನಾಕ ಹೊದಿಕೆ ಅದಾವ. ಆ ಕೂಸು ಟವೆಲಿನ್ಯಾಗ ಇತ್ತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗಿ ಕೆಲಸ ಮಾಡೂದು ನಿಮ್ಮ ಸೊಸೈಟಿ ಎದುರಿನ ಬಿಲ್ಡಿಂಗಿನ್ಯಾಗಂತ. ನೀ ನೋಡಿಯೇನು?" ಎಂದು ಕೇಳಿದಳು.

ನೋಡಿರಲಿಲ್ಲ. ಎರಡು ವರ್ಷದಿಂದ ನಮ್ಮ ಬಾಲ್ಕನಿಯ ಎದುರು ಏಳುತ್ತಿದ್ದ ಕಟ್ಟಡ ಅದು. ಅಲ್ಲಿಂದ ಧೂಳು ಬರುತ್ತದೆಂದು ಸೊಸೈಟಿಯ ಮೀಟಿಂಗಿನಲ್ಲಿ ದೂರು ಹೇಳಿದ್ದೆ. ಕನ್ನಡ ಕೇಳಲು ಸಿಗುವುದಿಲ್ಲವೆಂದು ಕೊರಗುತ್ತ, ರಾಜ್ಯೋತ್ಸವಕ್ಕೆ ಊರ ತುಂಬ ಕಾರು ಓಡಿಸಿಕೊಂಡು ಹೋಗುತ್ತಿದ್ದೆ. ಕನ್ನಡ ನನ್ನ ಗೇಟಿನ ಎದುರೇ ತಗಡಿನ ಶೆಡ್ಡಿನಲ್ಲಿ ಅಡುಗೆ ಮಾಡುತ್ತಿತ್ತು. ಊರಿಂದ ಬಂದ ಅಜ್ಜಿಗೆ ಒಂದೇ ರಾತ್ರಿಯಲ್ಲಿ ಅದು ಕೇಳಿಸಿತು.

ಆರು ತಿಂಗಳಿಗೆ ಕೊರಿಯರಿನಲ್ಲಿ ಇನ್ನೊಂದು ಕೌದಿ ಬಂತು. ಕಣ್ಣಿನ ಪೊರೆಯಿಂದಾಗಿ ಹೊಲಿಗೆ ಅಂಕುಡೊಂಕಾಗಿತ್ತು. ಮಗಳು ಈಗಲೂ ಅದನ್ನು ಹೊದ್ದೇ ಮಲಗುತ್ತಾಳೆ, ಕಾಲು ಹೊರಗೆ ಬಂದರೂ.

ಅಜ್ಜಿಯ ದಿನಕರ್ಮಕ್ಕೆ ಊರಿಗೆ ಹೋದಾಗ ಗುರುತಿಲ್ಲದ ಎಷ್ಟೋ ಜನ ಬಂದು, "ನನ್ನ ಕೈಯಾಗ ಹಿಡಿದಾಕಿ ಆಕಿನ" ಎಂದರು. ರಾತ್ರಿ ನನ್ನ ಪಕ್ಕದಿಂದ ಎದ್ದು ಆಕೆ ಹೋದದ್ದು ಎಲ್ಲಿಗೆ ಎಂದು ಅವರ ಮುಖ ನೋಡಿದಾಗ ತಿಳಿಯಿತು. ಆ ಹಳೆಯ ಸಿಟ್ಟು ಅಲ್ಲೇ ಕರಗಿತು.

ಎದುರಿನ ಕಟ್ಟಡ ಮುಗಿದು ಆ ಕುಟುಂಬ ಎಲ್ಲಿಗೋ ಹೋಗಿದೆ. ಈಗ ಪಕ್ಕದ ರಸ್ತೆಯಲ್ಲಿ ಇನ್ನೊಂದು ಏಳುತ್ತಿದೆ. ಮೊನ್ನೆ ಹಾಲು ತರಲು ಹೋದವನು ನಿಂತು ಕೇಳಿದೆ: "ಯಾವೂರು?" ಒಬ್ಬಳು ತಲೆಯ ಮೇಲಿನ ಬುಟ್ಟಿ ಇಳಿಸಿ, "ಸುರಪುರ ರೀ. ನಿಮ್ದು?" ಎಂದಳು.