ಮಗುವಿನ ಲೋಟದಿಂದ ಹಾಲು ಕಸಿಯಬೇಡಿ, ಡಬ್ಬಿಗಾಗಿ ಸಾಲ ಮಾಡಬೇಡಿ

ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ಆಟಿಸಂ ಮಕ್ಕಳ ತಂದೆತಾಯಿಯರಲ್ಲಿ ವಿನಂತಿ

ಮಗುವಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿ ವಾರ ಕಳೆಯುವುದರೊಳಗೆ ಸಲಹೆಗಳು ನೇರ ಅಡುಗೆಕೋಣೆಗೇ ನುಗ್ಗುತ್ತವೆ. ಮುಂಬೈಯ ಚಿಕ್ಕಮ್ಮ ವಾಟ್ಸಾಪಿನಲ್ಲಿ ವಿಡಿಯೊ ಕಳಿಸುತ್ತಾರೆ. ದುಬೈಯ ಭಾವ ಬರುವಾಗ ಡಬ್ಬಿ ತರುತ್ತೇನೆ ಎನ್ನುತ್ತಾರೆ. ಮಾಣಿಗೆ ಹಾಲು ನಿಲ್ಲಿಸಿ, ಗೋಧಿ ನಿಲ್ಲಿಸಿ, ಈ ಪುಡಿ ಕೊಡಿ, ಆರು ತಿಂಗಳಲ್ಲಿ ಮಾತು ಬರುತ್ತದೆ ಎಂಬ ಭರವಸೆ ಬೇರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಲ್ಲ. ಆದರೆ ಪರೀಕ್ಷೆ ಮಾಡಿಸದೆ ಮಗುವಿನ ಯಾವ ಆಹಾರವನ್ನೂ ನಿಲ್ಲಿಸಬೇಡಿ, ಪರೀಕ್ಷೆ ಮಾಡಿಸದೆ ಯಾವ ಡಬ್ಬಿಯನ್ನೂ ಕೊಳ್ಳಬೇಡಿ ಎಂದು ಕೇಳಿಕೊಳ್ಳಲು ಈ ಕರಪತ್ರ.

ಹಾಲು, ಗೋಧಿಯ ಮೇಲೆ ಈ ಅನುಮಾನ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಗೋಧಿಯ ಗ್ಲುಟೆನ್, ಹಾಲಿನ ಕೇಸಿನ್ ಎಂಬ ಪ್ರೋಟೀನುಗಳು ಅರೆಜೀರ್ಣವಾಗಿ, ಕರುಳಿನಿಂದ ರಕ್ತಕ್ಕೆ ಸೋರಿ, ಮಿದುಳಿನ ಮೇಲೆ ಅಫೀಮಿನಂತೆ ಕೆಲಸ ಮಾಡುತ್ತವೆ ಎಂದು ಕೆಲವು ವಿಜ್ಞಾನಿಗಳು ಊಹಿಸಿದರು. ಊಹೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು 14 ಮಕ್ಕಳನ್ನು ಹಾಲು, ಗೋಧಿ ಇಲ್ಲದ ಕಟ್ಟುನಿಟ್ಟಿನ ಪಥ್ಯದಲ್ಲಿಟ್ಟು, ಆಮೇಲೆ ವಾರಕ್ಕೊಮ್ಮೆ ತಿಂಡಿ ಕೊಟ್ಟು ನೋಡಿದರು. ಒಮ್ಮೆ ಅದರಲ್ಲಿ ಗೋಧಿ, ಒಮ್ಮೆ ಹಾಲು, ಒಮ್ಮೆ ಎರಡೂ, ಒಮ್ಮೆ ಯಾವುದೂ ಇಲ್ಲ. ಯಾವ ವಾರ ಏನಿದೆ ಎಂಬುದು ತಾಯಿಗೂ ಗೊತ್ತಿಲ್ಲ, ಮಗುವನ್ನು ಗಮನಿಸುವವರಿಗೂ ಗೊತ್ತಿಲ್ಲ. ನಡವಳಿಕೆ, ನಿದ್ದೆ, ಹೊಟ್ಟೆ, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಇದು ಪ್ರಕಟವಾದದ್ದು 2016ರಲ್ಲಿ. ಹದಿನಾಲ್ಕು ಮಕ್ಕಳ ಲೆಕ್ಕ ಸಣ್ಣದು, ಒಪ್ಪುತ್ತೇವೆ. ಆದರೆ ಅದಕ್ಕೂ ಮೊದಲೇ, 2013ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಇದ್ದಬದ್ದ ಅಧ್ಯಯನಗಳನ್ನೆಲ್ಲ ತೂಗಿ ನೋಡಿ, ಆಟಿಸಂನ ಲಕ್ಷಣ ತಗ್ಗಿಸಲೆಂದು ಈ ಪಥ್ಯ ಮಾಡಿಸಬೇಡಿ ಎಂದು ಅಲ್ಲಿನ ವೈದ್ಯರಿಗೆ ಸೂಚಿಸಿತ್ತು.

ಹಾಗಾದರೆ ಪಕ್ಕದ ಮನೆಯ ಮಗು ಪಥ್ಯದಲ್ಲಿ ಸುಧಾರಿಸಿತಲ್ಲ ಎಂದು ಕೇಳುತ್ತೀರಿ. ನಮ್ಮ ಕಡೆಯ ಊಟವನ್ನೇ ನೋಡಿ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಕಡುಬು, ಕೋಳಿಸಾರಿನ ಜೊತೆಗಿನ ಒಣರೊಟ್ಟಿ, ಎಲ್ಲವೂ ಅಕ್ಕಿಯವು. ಒಂದು ಚೂರು ಗ್ಲುಟೆನ್ ಇಲ್ಲ. ನಮ್ಮ ಮಕ್ಕಳಿಗೆ ಗೋಧಿ ಬರುವುದು ಹೆಚ್ಚಾಗಿ ಬಿಸ್ಕತ್ತು, ರಸ್ಕ್, ಬನ್ಸ್, ಪರೋಟ, ನೂಡಲ್ಸ್ ರೂಪದಲ್ಲಿ. ಗೋಧಿ ಬಿಡಿಸಿದ ಮನೆಯಲ್ಲಿ ನಿಜವಾಗಿ ನಿಂತದ್ದು ದಿನಕ್ಕೆರಡು ಪೊಟ್ಟಣ ಬಿಸ್ಕತ್ತು. ಬಿಸ್ಕತ್ತು ತಪ್ಪಿದರೆ ಹಸಿವಾಗುತ್ತದೆ, ಹಸಿದ ಮಗು ಊಟ ಮಾಡುತ್ತದೆ, ಹೊಟ್ಟೆ ಸರಿಯಾಗುತ್ತದೆ. ಬಿಸ್ಕತ್ತು ಬಿಡಿಸುವುದು ಒಳ್ಳೆಯದೇ. ಅದಕ್ಕೆ ದೊಡ್ಡ ಹೆಸರಿನ ಪಥ್ಯ ಬೇಕಿಲ್ಲ. ಗಂಜಿಯ ಊರಿಗೆ ಗ್ಲುಟೆನ್ ಇಲ್ಲದ ಹಿಟ್ಟನ್ನು ದುಬಾರಿ ಬೆಲೆಗೆ ತರಿಸಿಕೊಳ್ಳುವುದಂತೂ ನಗೆಪಾಟಲು.

ಹಾಲಿನದು ನಗುವ ಮಾತಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳು ತಿನ್ನುವುದೇ ನಾಲ್ಕೈದು ಪದಾರ್ಥ. ಬಿಳಿ ಅನ್ನ, ಮೊಸರು, ಒಂದೇ ಬಗೆಯ ಚಿಪ್ಸ್. ಪೊಟ್ಟಣದ ಬಣ್ಣ ಬದಲಾದರೆ ಅದೂ ಬೇಡ. ಅಂಥ ಮಗುವಿನಿಂದ ಹಾಲು ಮೊಸರು ಕಿತ್ತುಕೊಂಡರೆ ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? 2008ರಲ್ಲಿ ಅಮೆರಿಕದಲ್ಲಿ ಆಟಿಸಂ ಇರುವ 75 ಗಂಡುಮಕ್ಕಳ ಕೈಮೂಳೆಯ ಎಕ್ಸ್‌ರೇ ಅಳೆದಾಗ ಮೂಳೆಯ ಹೊರಪದರ ಇರಬೇಕಾದ್ದಕ್ಕಿಂತ ತೆಳುವಾಗಿತ್ತು. ಹಾಲು ಬಿಡಿಸಿದ್ದ ಮಕ್ಕಳಲ್ಲಿ ಇನ್ನಷ್ಟು ತೆಳು. ನಮ್ಮ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ. ವೈದ್ಯರ ಮಾತಿಲ್ಲದೆ "ನನ್ನ ಮಗುವಿಗೆ ಕೊಡಬೇಡಿ" ಎಂದು ಶಾಲೆಗೆ ಚೀಟಿ ಬರೆಯಬೇಡಿ.

ಕೆಲವು ಮಕ್ಕಳಿಗೆ ಹಾಲೋ ಗೋಧಿಯೋ ನಿಜವಾಗಿಯೂ ಒಗ್ಗುವುದಿಲ್ಲ. ಅದು ಆಟಿಸಂ ಇಲ್ಲದ ಮಕ್ಕಳಲ್ಲೂ ಉಂಟು. ಸೀಲಿಯಾಕ್ ಎಂಬ ಗೋಧಿ ಕಾಯಿಲೆಗೆ ರಕ್ತಪರೀಕ್ಷೆ ಇದೆ, ಆದರೆ ಗೋಧಿ ತಿನ್ನುತ್ತಿರುವಾಗಲೇ ಅದನ್ನು ಮಾಡಿಸಬೇಕು. ಪಥ್ಯ ಶುರುಮಾಡಿ ತಿಂಗಳುಗಟ್ಟಲೆ ಆದಮೇಲೆ ಹೋದರೆ ಇರುವ ಕಾಯಿಲೆಯೂ ವರದಿಯಲ್ಲಿ ಕಾಣದೆ ಹೋಗಬಹುದು. ಇನ್ನೊಂದು, ಮಲಬದ್ಧತೆ. ಮಾತು ಬಾರದ ಮಗು ಹೊಟ್ಟೆನೋವನ್ನು ಹೇಳುವುದು ತಲೆ ಚಚ್ಚಿಕೊಂಡು, ಕೈ ಕಚ್ಚಿಕೊಂಡು, ರಾತ್ರಿಯಿಡೀ ನಿದ್ದೆಗೆಟ್ಟು. ಅದನ್ನು ಹಟ ಎಂದುಕೊಳ್ಳುವ ಮೊದಲು ಎಷ್ಟು ದಿನಕ್ಕೊಮ್ಮೆ ಕಕ್ಕಸಿಗೆ ಹೋಗುತ್ತದೆ ಎಂದು ಬರೆದಿಡಿ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕಬ್ಬಿಣಾಂಶ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಂದಿಗೆ ರಕ್ತಹೀನತೆ. ಬಿಳಿ ಅನ್ನ ಬಿಟ್ಟು ಬೇರೇನೂ ಮುಟ್ಟದ ಮಗುವಿನ ಗತಿ ಊಹಿಸಿ. ಮಣ್ಣು, ಸುಣ್ಣ, ಗೋಡೆಯ ಹಕ್ಕಳೆ ತಿನ್ನುವ ಮಗುವಿಗೆ, ನಿದ್ದೆಯಲ್ಲಿ ಕಾಲು ಬಡಿಯುವ ಮಗುವಿಗೆ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸಿ. ಐದು ವರ್ಷದೊಳಗಿನವರಿಗೆ ವಾರಕ್ಕೆರಡು ಬಾರಿ ಒಂದು ಮಿಲಿ ಕಬ್ಬಿಣಾಂಶದ ಸಿರಪ್ ಆಶಾ ಕಾರ್ಯಕರ್ತೆಯರ ಮೂಲಕ ಕೊಡುವ ಕ್ರಮವಿದೆ, ದುಡ್ಡಿಲ್ಲದೆ. ರುಚಿ ಹಿಡಿಸದೆ ಉಗಿಯುವ ನಮ್ಮ ಮಕ್ಕಳ ಬಾಟಲಿ ಕಪಾಟಿನಲ್ಲೇ ಉಳಿಯುತ್ತದೆ, ಅದರ ಪಕ್ಕದಲ್ಲಿ ಸಾವಿರಾರು ರೂಪಾಯಿಯ ವಿದೇಶಿ ಡಬ್ಬಿ.

ಆ ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪೂರಕಗಳ ಮೇಲೆ "ಔಷಧವಾಗಿ ಬಳಸಲು ಅಲ್ಲ" ಎಂದು ಮುದ್ರಿಸಲೇಬೇಕು. ಮುಂದೆ ಮಾತಿನ ಭರವಸೆ, ಹಿಂದೆ ಈ ಸಾಲು. ವಿಟಮಿನ್ ಎಂದರೆ ಹೆಚ್ಚಾದರೂ ತೊಂದರೆಯಿಲ್ಲ ಎನ್ನುವುದೂ ತಪ್ಪು. ಬಿ6 ಮಿತಿಮೀರಿದರೆ ನರಗಳು ಕೆಡುತ್ತವೆ, ಡಿ ಮಿತಿಮೀರಿದರೆ ಮೂತ್ರಪಿಂಡ. ದೇಹದಿಂದ ಲೋಹ ತೆಗೆಯುತ್ತೇವೆ ಎಂದು ಕೀಲೇಷನ್ ಮಾಡುವವರ ಬಾಗಿಲನ್ನಂತೂ ತುಳಿಯಬೇಡಿ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಆ ಚಿಕಿತ್ಸೆಯಲ್ಲೇ ಹೃದಯ ನಿಂತು ತೀರಿಕೊಂಡ. 2025ರಿಂದ ಆಟಿಸಂಗೆಂದು ಸುದ್ದಿಯಲ್ಲಿರುವ ಲ್ಯೂಕೋವೊರಿನ್ ವೈದ್ಯರು ಬರೆದುಕೊಡಬೇಕಾದ ಔಷಧ, ಅಂಗಡಿಯಲ್ಲಿ ಕೇಳಿ ತರುವ ಟಾನಿಕ್ ಅಲ್ಲ.

ಒಮೇಗಾ-3 ಬೇಕೇಬೇಕೆಂದರೆ ಗಂಗೊಳ್ಳಿ, ಶಿರೂರು ಬಂದರಿನ ಬೂತಾಯಿಯಲ್ಲಿ ಧಾರಾಳವಾಗಿದೆ. ಅದರಿಂದ ಆಟಿಸಂ ಹೋಗುವುದಿಲ್ಲ, ಮೈಗೆ ಒಳ್ಳೆಯದು ಅಷ್ಟೇ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳು ನಿಂತು ಮೀನು ದುಬಾರಿಯಾದಾಗ ಮೊಟ್ಟೆ ಇದೆ. ಮೀನು ಮುಟ್ಟದ ಮನೆಗಳಲ್ಲಿ ರಾಗಿ ಮಣ್ಣಿ, ಹೆಸರುಕಾಳು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಉಂಟು.

ತಿನ್ನಿಸುವುದು ಹೇಗೆ ಎಂಬುದೇ ದೊಡ್ಡ ಕಷ್ಟ, ನಿಜ. ಅನ್ನದೊಳಗೆ ಮೀನು ಅಡಗಿಸಿ ಕೊಡಬೇಡಿ. ಒಮ್ಮೆ ಸಿಕ್ಕಿಬಿದ್ದರೆ ಮಗು ಆ ಅನ್ನವನ್ನೂ ಬಿಡುತ್ತದೆ. ಒಪ್ಪಿದ ತಿಂಡಿಯನ್ನು ಹಾಗೇ ಇಟ್ಟು, ಅದೇ ತಟ್ಟೆಯ ಅಂಚಿನಲ್ಲಿ ಹೊಸದನ್ನು ಹೆಸರುಕಾಳಿನಷ್ಟು ಇಡಿ. ಮೊದಲ ದಿನ ನೋಡಿದರೆ ಸಾಕು. ಇನ್ನೊಂದು ದಿನ ಮುಟ್ಟಲಿ, ಮೂಸಲಿ, ಬಿಸಾಡಲಿ. ನೀರುದೋಸೆ ತಿನ್ನುವ ಮಗುವಿಗೆ ಮುಂದಿನದು ಅದೇ ಹಿಟ್ಟಿಗೆ ಚೂರು ರಾಗಿ, ಪೂರ್ತಿ ರಾಗಿ ರೊಟ್ಟಿಯಲ್ಲ. ಬಣ್ಣ ಬೇರೆ ಎಂದು ತಳ್ಳಿದರೆ ರಾಗಿ ಇನ್ನೂ ಕಡಿಮೆ ಮಾಡಿ. ವಾರಗಟ್ಟಲೆ ಹಿಡಿಯುತ್ತದೆ. ಮನೆಯ ಹಿರಿಯರು "ಹಸಿದರೆ ತಾನಾಗಿ ತಿಂತದೆ" ಎಂದು ಉಪವಾಸ ಕೆಡವಲು ಬಿಡಬೇಡಿ. ಈ ಮಕ್ಕಳಲ್ಲಿ ಕೆಲವರು ಹಸಿದರೂ ತಿನ್ನುವುದಿಲ್ಲ.

ಡಬ್ಬಿಯ ದುಡ್ಡು ಮಣಿಪಾಲಕ್ಕೋ ಉಡುಪಿಗೋ ಹೋಗಿಬರುವ ಬಸ್ಸಿಗೆ, ಮಾತಿನ ತರಬೇತಿಗೆ ಆಗಲಿ. ಬೈಂದೂರಿನಿಂದ ದೂರ ನಿಜ, ದಿನದ ಕೂಲಿ ಹೋಗುತ್ತದೆ ನಿಜ. ತಾಲೂಕು ಆಸ್ಪತ್ರೆಯಲ್ಲೇ ವಾರಕ್ಕೊಂದು ದಿನ ವಾಕ್‌ತಜ್ಞರೂ ಪಥ್ಯತಜ್ಞರೂ ಕೂರಲಿ ಎಂದು ಶಾಸಕರಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನಾವೆಲ್ಲ ಸೇರಿ ಕೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿಯೇ ಸೇರಿಸಿದೆ. ಅಂಗವಿಕಲತೆಯ ಗುರುತುಚೀಟಿ ಮಾಡಿಸಿಕೊಂಡು ಸರ್ಕಾರದ ನಿರಾಮಯ ವಿಮೆಗೆ ಸೇರಿದರೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವಿದೆ, ತರಬೇತಿಯ ಖರ್ಚಿಗೂ ಒಂದಿಷ್ಟು ಸಿಗುತ್ತದೆ.

ಇಂದಿನಿಂದ ಒಂದು ವಾರ ಮಗು ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ, ತಾಯಿಕಾರ್ಡು, ಈಗ ಕೊಡುತ್ತಿರುವ ಡಬ್ಬಿಗಳು, ಇಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ಮಕ್ಕಳ ವೈದ್ಯರ ಬಳಿ ಹೋಗಿ. ಓದಿದ ಮೇಲೆ ಈ ಕರಪತ್ರವನ್ನು ಇನ್ನೊಂದು ಮನೆಗೆ ಕೊಡಿ.