ಫ.ಗು. ಅಂದರೆ ಏನ್ರಪ್ಪಾ?

ಕನ್ನಡದ ತರುಣರೇ,

ಬಾವುಟ ಹಿಡಿದು ಬೀದಿಗಿಳಿಯುವ ನಿಮಗೆ ಒಂದು ಸಣ್ಣ ಪ್ರಶ್ನೆ. ವಚನ ಪಿತಾಮಹ ಫ.ಗು. ಹಳಕಟ್ಟಿ ಎಂದು ಎದೆಯುಬ್ಬಿಸಿ ಹೇಳುತ್ತೀರಲ್ಲ, ಆ 'ಫ' ಏನು? ರಾಜ್ಯೋತ್ಸವದ ಕರಪತ್ರ ಮಾಡಿಸಲು ನಮ್ಮ ಶಹಾಬಾದಿನ ಪ್ರೆಸ್ಸಿಗೆ ಬಂದ ಐದಾರು ಹುಡುಗರನ್ನು ಕೇಳಿದೆ. ಒಬ್ಬ ಫಣೀಂದ್ರ ಅಂದ. ಇನ್ನೊಬ್ಬ ಫಾಲಾಕ್ಷ ಅಂದ. ಉಳಿದವರು ಮೊಬೈಲು ತೆಗೆದರು.

ಫಕೀರಪ್ಪ! ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ವಿಜಯಪುರದಲ್ಲಿ ವಕೀಲಿ ಮಾಡುತ್ತ ಊರೂರು ತಿರುಗಿ ತಾಳೆಗರಿ ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು. ಮುಂದಿನ ಪುಸ್ತಕಗಳ ಅಚ್ಚಿಗೆಂದು ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. 1926ರ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮನೆ ಮಾರಿ ಪ್ರೆಸ್ಸು ಹಾಕುವುದೆಂದರೆ ಏನು ಎಂಬುದು ಪ್ರೆಸ್ಸು ನಡೆಸುವ ನನ್ನಂಥವನಿಗೆ ಗೊತ್ತು. ಬಸವಣ್ಣನ ಮಾತನ್ನು ನಮ್ಮ ಕೈಗೆ ಇಟ್ಟವರ ಹೆಸರೊಳಗೆ ಒಬ್ಬ ಫಕೀರ ಕೂತಿದ್ದಾನೆ!

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಹೋದ ತಿಂಗಳು ಒಬ್ಬ ಹುಡುಗ ತನ್ನ ಮದುವೆ ಕಾರ್ಡಿಗೆ ಬಂದ. ಬೆಂಗಳೂರಿನಲ್ಲಿ ಕಂಪನಿ ಕೆಲಸ. ಬರೆದು ತಂದ ಚೀಟಿಯಲ್ಲಿ ವರನ ಹೆಸರು 'ಚಿ. ಫಣೀಶ'. ಅವನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲೆ, ಅವನ ಹೆಸರು ಫಕೀರಪ್ಪ. ಏನಪ್ಪಾ ಇದು ಅಂದೆ. "ಅದನ್ನ ಹಾಕಬ್ಯಾಡ್ರಿ ಕಾಕಾ. ಆಫೀಸಿನ್ಯಾಗ ಎಲ್ಲಾರೂ ನಗ್ತಾರ್ರಿ. ಭಿಕ್ಷಾ ಬೇಡಾವನ ಹೆಸರ್ರಿ ಅದು" ಅಂದ.

ಭಿಕ್ಷೆ ಬೇಡುವವನ ಹೆಸರು! ಹೌದು, ಅದಕ್ಕೇ ಅದು ದೊಡ್ಡ ಹೆಸರು. ಅರಬ್ಬಿಯಲ್ಲಿ 'ಫಕ್ರ್' ಎಂದರೆ ಬಡತನ. ಫಕೀರ ಎಂದರೆ ಬಡವ. ಸೂಫಿಗಳು ಆ ಮಾತನ್ನೇ ಬಿರುದು ಮಾಡಿಕೊಂಡರು: ದೇವರ ಮುಂದೆ ನನ್ನದು ಎಂಬುದೇನೂ ಇಲ್ಲದವನು. ನಮ್ಮ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ 'ತಿರುಕ' ಎಂದು ಸಹಿ ಮಾಡುತ್ತಿರಲಿಲ್ಲವೇ? ಅದೇ ಅರ್ಥ. ತಿರುಕ ಎಂದರೆ ಕೈ ಮುಗಿಯುತ್ತೀರಿ, ಫಕೀರ ಎಂದರೆ ನಗುತ್ತೀರಿ. ಇಂಗ್ಲಿಷಿನ ದೊಡ್ಡ ಕವಿಯೊಬ್ಬನ ಅಡ್ಡಹೆಸರು ಪೋಪ್. ಪ್ಯಾಲೆಸ್ತೀನಿನ ದೊಡ್ಡ ಕವಿಯ ಹೆಸರು ದರ್ವೇಶ್. ಅವರ ಹೆಸರಿಗೆ ಯಾರೂ ನಗಲಿಲ್ಲ.

ಈ ಅರಬ್ಬಿ ಮಾತನ್ನು ನಮ್ಮ ಹಿರಿಯರು ಹಾಗೇ ಇಟ್ಟುಕೊಳ್ಳಲಿಲ್ಲ. ಹಿಂದೆ 'ಅಪ್ಪ' ಸೇರಿಸಿದರು, ಹೆಣ್ಣು ಮಗುವಿಗೆ 'ಅಮ್ಮ' ಸೇರಿಸಿದರು. ನಡುವೆ ಒತ್ತು ಕೊಟ್ಟು ಫಕ್ಕೀರಪ್ಪ ಮಾಡಿದರು. ಬಾಯಿಗೆ ಮಹಾಪ್ರಾಣ ಭಾರವಾದಾಗ ಪಕೀರಪ್ಪ ಎಂದು ಕರೆದರು. ಅಲ್ಲಿಗೆ ಅದು ಕನ್ನಡದ್ದಾಯಿತು. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವೇ ಇದೆ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಆ ಭಾಗದ ಎಷ್ಟೋ ಮನೆಗಳಲ್ಲಿ ಈ ಹೆಸರಿದೆ.

ಇನ್ನೊಂದು ದಾರಿಯೂ ಇದೆ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಚೆಂದದ ಹೆಸರಿಡಲು ತಾಯಂದಿರು ಹೆದರುತ್ತಿದ್ದರು. ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ ಎಂದರು. ಪೀರರ ಮುಂದೆ ಹರಕೆ ಹೊತ್ತು ಫಕೀರಪ್ಪ ಎಂದರು. ಅಲಾಯಿ ಹಬ್ಬ ಬಂದರೆ ಈಗಲೂ ನಮ್ಮ ಕಡೆ ಹಿಂದೂ ಮನೆಯ ಮಕ್ಕಳು ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಐದು ಮನೆ ಬೇಡುತ್ತಾರೆ. ಸಾವಿನ ಬಾಯಿಂದ ಕಿತ್ತುಕೊಂಡ ಮಗುವಿನ ಹೆಸರು ಇದು. ಹಡೆದವ್ವ ಹೆದರಿಕೆಯಿಂದಿಟ್ಟ ಹೆಸರಿಗೆ ಮಗ ನಾಚಿಕೆ ಪಡುವುದೇ?

ಇದು ಕನ್ನಡ ನಾಡಿನ ಮಾತಷ್ಟೇ ಅಲ್ಲ. ಒಡಿಶಾದ ಬಾಲೇಶ್ವರದಲ್ಲಿ 1843ರಲ್ಲಿ ಒಂದು ಗಂಡು ಮಗು ಹುಟ್ಟಿತು, ಹೆಸರು ಬ್ರಜಮೋಹನ. ಕೂಸಿರುವಾಗಲೇ ತಂದೆ ತಾಯಿ ಇಬ್ಬರೂ ಹೋದರು. ಮಗುವಿಗೂ ಕಾಯಿಲೆ ಬಿತ್ತು. ಅಜ್ಜಿ ಪೀರರಿಗೆ ಹರಕೆ ಹೊತ್ತಳು: ಹುಡುಗ ಉಳಿದರೆ ನಿಮ್ಮ ಫಕೀರ ಮಾಡುತ್ತೇನೆ. ಉಳಿದ. ಮೊಮ್ಮಗನನ್ನು ಪೂರ್ತಿ ಬಿಟ್ಟುಕೊಡಲು ಆಕೆಗೆ ಮನಸ್ಸು ಬರಲಿಲ್ಲ. ವರ್ಷವರ್ಷ ಮೊಹರಂ ದಿನಗಳಲ್ಲಿ ಫಕೀರನ ವೇಷ ಹಾಕಿ ಮನೆಮನೆ ಬೇಡಿಸಿದಳು, ಹೆಸರು ಬದಲಿಸಿದಳು. ಅವರೇ ಫಕೀರ ಮೋಹನ ಸೇನಾಪತಿ, ಒಡಿಯಾ ಕಾದಂಬರಿಯ ದೊಡ್ಡಪ್ಪ. ಒಡಿಯಾ ಬೇರೆ ಭಾಷೆಯೇ ಅಲ್ಲ, ಶಾಲೆಯಲ್ಲಿ ಬಂಗಾಳಿ ಸಾಕು ಎಂದು ಕೆಲವರು ಹೊರಟಾಗ ಎದುರು ನಿಂತವರಲ್ಲಿ ಅವರು ಮುಂದಿನವರು. ಅದಕ್ಕಾಗಿ ಅವರೂ ಊರಲ್ಲಿ ಪ್ರೆಸ್ಸು ಹಾಕಿದರು! ಇಬ್ಬರು ಫಕೀರರು, ಎರಡು ಪ್ರೆಸ್ಸು, ಎರಡು ಭಾಷೆ. ಭಾಷೆಗಾಗಿ ಹೋರಾಡುತ್ತೇವೆ ಎನ್ನುವವರು ನಗಬೇಕಾದ ಹೆಸರೇ ಇದು?

ಹೆಸರು ಅಪರೂಪವಾಗುತ್ತಿರುವುದು ನಮ್ಮ ಪ್ರೆಸ್ಸಿನ ಹಳೆಯ ಕಾರ್ಡುಗಳ ಕಟ್ಟು ಬಿಚ್ಚಿದರೆ ಕಾಣುತ್ತದೆ. ಅಜ್ಜಂದಿರ ಸಾಲಿನಲ್ಲಿ ಫಕೀರಪ್ಪ, ಶರಣಪ್ಪ, ಪೀರಪ್ಪ. ತಂದೆಯರ ಸಾಲಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ತೊಟ್ಟಿಲ ಕಾರ್ಡಿನಲ್ಲಂತೂ ಇಲ್ಲವೇ ಇಲ್ಲ. ಶರಣಪ್ಪನ ಗತಿ ಇಷ್ಟು ಕೆಟ್ಟಿಲ್ಲ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ಇರುವವರೆಗೆ ಅದು ಬದುಕುತ್ತದೆ. ಈಗ 'ಅಮೋಘ' ಜೋರಾಗಿದೆ. ಇಡಿ, ಸಂತೋಷ. ಆದರೆ 814ರಿಂದ 878ರವರೆಗೆ ಆಳಿದ ಅಮೋಘವರ್ಷನ ರಾಜಧಾನಿ ನಮ್ಮ ಸೇಡಂ ತಾಲೂಕಿನ ಮಳಖೇಡ ಎಂದು ಆ ತಂದೆಗೆ ಹೇಳಿದರೆ, "ಹೌದೇನ್ರಿ? ನಾವು ಮೊಬೈಲಿನ್ಯಾಗ ನೋಡಿ ಇಟ್ಟೀವ್ರಿ" ಎನ್ನುತ್ತಾನೆ.

ನಾಚಿಕೆಗೆ ಇನ್ನೊಂದು ಕಾರಣವನ್ನೂ ಒಪ್ಪಬೇಕು. ಕನ್ನಡದಲ್ಲಿ ಬರೆದರೆ ಫಕೀರಪ್ಪ ಒಂದೇ. ಇಂಗ್ಲಿಷಿಗೆ ಹೋದರೆ ಒಂದು ದಾಖಲೆಯಲ್ಲಿ 'ಎಫ್'ನಿಂದ ಶುರು, ಇನ್ನೊಂದರಲ್ಲಿ 'ಪಿ'ಯಿಂದ, ಮೂರನೆಯದರಲ್ಲಿ ಎರಡು 'ಇ'. 371(ಜೆ) ಪ್ರಮಾಣಪತ್ರಕ್ಕೆ ಹೋದ ಹುಡುಗನಿಗೆ ಇವು ಮೂವರ ಹೆಸರು ಎನ್ನುತ್ತಾರೆ. ಅಫಿಡವಿಟ್ ಮಾಡಿಸಿ ಮಾಡಿಸಿ ಬೇಸತ್ತವನು ಹೆಸರನ್ನೇ ಬಿಟ್ಟರೆ ತಪ್ಪು ಯಾರದು? ಕನ್ನಡದ ಹೆಸರಿಗೆ ಕನ್ನಡದ ಬರಹವೇ ಆಧಾರವೆಂದು ಕಚೇರಿಗಳು ಒಪ್ಪಲಿ. ನಿಮ್ಮ ಮುಂದಿನ ಮನವಿ ಪತ್ರದಲ್ಲಿ ಇದನ್ನು ಸೇರಿಸಿ. ಅಚ್ಚು ಹಾಕಿ ಕೊಡುತ್ತೇನೆ, ಕಾಗದದ ಖರ್ಚಷ್ಟೇ ಕೊಡಿ.

ಆ ಮದುವೆ ಕಾರ್ಡಿನ ಕಥೆ ಹೇಳಿಬಿಡುತ್ತೇನೆ. ಮರುದಿನ ಹುಡುಗನ ಅಪ್ಪ ಬಂದರು. ಚೀಟಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ನಮ್ಮಪ್ಪನ ಹೆಸರ್ರಿ. ಅವರ ಹಿಂದ ಮೂರು ಕೂಸು ಹೋಗಿದ್ವು" ಅಂದರು, ಅಷ್ಟೇ. ಕಾರ್ಡು 'ಚಿ. ಫಕೀರಪ್ಪ' ಎಂದೇ ಅಚ್ಚಾಯಿತು, ದಪ್ಪ ಅಕ್ಷರದಲ್ಲಿ. ಹುಡುಗ ಬಂದು ಕಟ್ಟು ಒಯ್ದ. ಬೆಂಗಳೂರಿನ ಗೆಳೆಯರಿಗೆ ಅಲ್ಲೇ ಬೇರೆ ಇಂಗ್ಲಿಷ್ ಕಾರ್ಡು ಮಾಡಿಸಿದ್ದಾನಂತೆ. ಅದರಲ್ಲಿ ಯಾವ ಹೆಸರಿದೆಯೋ, ನಾನು ನೋಡಿಲ್ಲ.